ನೀರಿನ ದಾರಿ, ನೆತ್ತರಿನ ಹೆಪ್ಪು

ಕೋಟೇಶ್ವರದ ಕೊಡಿ ಹಬ್ಬಕ್ಕೆ ಬಂದ ನವದಂಪತಿಗಳು ದೇವರ ದರ್ಶನವನ್ನು ಮಾಡಿ ಕಬ್ಬಿನ ಕೊಡಿಯನ್ನು ಮನೆಗೆ ಒಯ್ಯುವುದು ಸಂತಾನಾಪೇಕ್ಷೆಯಿಂದ ಎಂಬುದನ್ನು ಕುಂದಾಪುರದ ಸೀಮೆಯಲ್ಲಿ ಎಲ್ಲರೂ ಬಲ್ಲರು. ಸಂತಾನದ ಅಪೇಕ್ಷೆಯ ಬೆನ್ನಿಗೇ ಅದರ ಕ್ಷೇಮದ ಚಿಂತೆಯೂ ಹುಟ್ಟುವುದು ಸಹಜವಾದುದರಿಂದ, ರೋಗರುಜಿನಗಳ ಪರಿಹಾರಕ್ಕಾಗಿ ಹರಕೆ ಹೊತ್ತವರು ಕೋಟಿತೀರ್ಥವೆಂಬ ಕೆರೆಯ ಸುತ್ತಲೂ ಅಕ್ಕಿಯನ್ನು ಚೆಲ್ಲುತ್ತ ಬರುವ ಸುತ್ತಕ್ಕಿ ಸೇವೆಯೂ ಅಲ್ಲಿ ನಡೆದುಬಂದಿದೆ. ಹುಟ್ಟಿದ ಶಿಶುವಿನ ತಲೆ ತಿಂಗಳಿಂದ ತಿಂಗಳಿಗೆ ಅಳತೆ ಮೀರಿ ಬೆಳೆದು, ನೆತ್ತಿಯುಬ್ಬಿ, ಕಣ್ಣಾಲಿಗಳು ಅಸ್ತಮಿಸುವ ಸೂರ್ಯನಂತೆ ಕೆಳಗಿಳಿಯುವ ವ್ಯಾಧಿಗೆ ಒಂದು ಕಾಲದಲ್ಲಿ ಇಂತಹ ಹರಕೆಯ ಹೊರತು ಬೇರೆ ಗತಿಯಿರಲಿಲ್ಲ. ಸೀತಾ, ಸ್ವರ್ಣಾ ನದಿಗಳ ಕಡವುಗಳನ್ನು ದಾಟಿ ದಕ್ಷಿಣಕ್ಕೆ ಹೋದರೂ ಉಪಾಯವನ್ನು ಬಲ್ಲ ವೈದ್ಯನು ದೊರಕುವಂತಿರಲಿಲ್ಲ. ಇದನ್ನು ನಮ್ಮ ಕರಾವಳಿಯ ಹಿಂದುಳಿದಿರುವಿಕೆ ಎಂದು ಬಗೆಯಬೇಕಾಗಿಲ್ಲ. ಲಂಡನ್ನಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಆಗ ಇದ್ದ ಸ್ಥಿತಿ ಅದೇ.

ವೈದ್ಯರು ಹೈಡ್ರೋಸೆಫಲಸ್ ಎಂದೂ ಜನರು ತಲೆಯಲ್ಲಿ ನೀರು ತುಂಬುವುದೆಂದೂ ಕರೆಯುವ ಈ ವ್ಯಾಧಿಯ ಮೂಲವು ಬಹುಮಟ್ಟಿಗೆ ದಾರಿಯ ಅಡಚಣೆಯಲ್ಲಿದೆ. ಮಿದುಳಿನೊಳಗಿನ ಕುಹರಗಳಲ್ಲಿ ದಿನವೊಂದಕ್ಕೆ ಸುಮಾರು ಅರ್ಧ ಲೀಟರಿನಷ್ಟು ತಿಳಿಯಾದ ದ್ರವವು ಸ್ರವಿಸಿ, ಮಿದುಳನ್ನೂ ಬೆನ್ನುಹುರಿಯನ್ನೂ ತೋಯಿಸಿ, ಕಡೆಗೆ ರಕ್ತವನ್ನು ಸೇರುತ್ತದೆ. ಯಾವ ಹೊತ್ತಿನಲ್ಲಿ ನೋಡಿದರೂ ಪ್ರಾಯದವರಲ್ಲಿ ಅದು 150 ಮಿಲಿಲೀಟರಿನ ಆಸುಪಾಸಿನಲ್ಲಿರುತ್ತದೆ. ದ್ರವವು ರಕ್ತಕ್ಕೆ ಮರಳುವ ಈ ಮಾರ್ಗವನ್ನು ಸ್ವೀಡನ್ನಿನ ಕೇ ಮತ್ತು ರೆಟ್ಸಿಯಸ್ ಎಂಬ ವಿದ್ವಾಂಸರು 1875ರಷ್ಟು ಹಿಂದೆಯೇ ತೋರಿಸಿಕೊಟ್ಟಿದ್ದರು. ಪ್ರಕೃತಿಯೇ ನೀರನ್ನು ನೆತ್ತರಿಗೆ ಸೇರಿಸುವುದಾದರೆ, ದಾರಿ ಕಟ್ಟಿದಾಗ ತಾವೂ ಅದನ್ನು ನೆತ್ತರಿಗೇ ಹಾಯಿಸಬೇಕೆಂದು ಶಸ್ತ್ರವೈದ್ಯರು ಎಣಿಸಿದುದು ತರ್ಕಕ್ಕೆ ಒಪ್ಪುವ ಮಾತೇ ಆಗಿತ್ತು. ಆದರೆ ಆ ತರ್ಕವು ರಕ್ತದ ಸ್ವಭಾವವನ್ನು ಗಣನೆಗೆ ತಂದುಕೊಂಡಿರಲಿಲ್ಲ. ಏರ್ವಿನ್ ಪೇಯರ್ ಎಂಬ ಶಸ್ತ್ರವೈದ್ಯನು 1908ರಲ್ಲಿ ರೋಗಿಯ ಕಾಲಿನ ರಕ್ತನಾಳದ ತುಂಡನ್ನೇ ಕೊಳವೆಯಾಗಿ ಮಾಡಿ, ಕುಹರದ ನೀರನ್ನು ತಲೆಯೊಳಗಿನ ಹಿರಿಯ ರಕ್ತನಾಳಕ್ಕೆ ಹರಿಸಲು ಯತ್ನಿಸಿದನು. ಇಂತಹ ಕೊಳವೆಗಳೊಳಕ್ಕೆ ರಕ್ತವು ಹಿಂದಕ್ಕೆ ನುಗ್ಗಿ ಹೆಪ್ಪುಗಟ್ಟುವುದೇ ದೊಡ್ಡ ಪೀಡೆಯಾಯಿತು.

ಕಡಲ ಮಗ್ಗುಲಲ್ಲಿ ಬೇಸಾಯ ಮಾಡುವವರಿಗೆ ಈ ತೊಡಕನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಇಳಿತದಲ್ಲಿ ಗದ್ದೆಯ ನೀರು ಹೊಳೆಗೆ ಹೋಗಬೇಕು, ಉಬ್ಬರದಲ್ಲಿ ಉಪ್ಪುನೀರು ಗದ್ದೆಗೆ ಬರಬಾರದು, ಅದಕ್ಕೆ ತೋಡಿನ ಬಾಯಿಯಲ್ಲಿ ಒಂದೇ ಕಡೆಗೆ ತೆರೆಯುವ ಬಾಗಿಲು ಬೇಕು. ಅಂತಹ ಬಾಗಿಲನ್ನು ಕೊಳವೆಗೆ ಜೋಡಿಸಿ ಸಫಲರಾದವರು ಫಿಲಡೆಲ್ಫಿಯದ ನಲ್ಸನ್ ಮತ್ತು ಸ್ಪಿಟ್ಸ್ ಎಂಬ ಶಸ್ತ್ರವೈದ್ಯರು; ವರ್ಷ 1949. ನಮ್ಮ ವೆಲ್ಲೂರಿನಲ್ಲಿ ಜೇಕಬ್ ಚಾಂಡಿಯವರು ಮಿದುಳಿನ ಶಸ್ತ್ರಚಿಕಿತ್ಸೆಯ ವಿಭಾಗವನ್ನು ತೆರೆದುದೂ ಅದೇ ವರ್ಷದಲ್ಲಿ. ಕೋಟೇಶ್ವರಕ್ಕೆ ಹತ್ತಿರವಾದ ಮಣಿಪಾಲದಲ್ಲಿ ಟಿ. ಎಂ. ಎ. ಪೈಯವರು ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದುದು ನಾಲ್ಕು ವರ್ಷಗಳ ತರುವಾಯ.

ಷಂಟು ಎಂದು ಕರೆಯುವ ಈ ಕೊಳವೆಯ ಚರಿತ್ರೆಯಲ್ಲಿ ವೈದ್ಯರಷ್ಟೇ ದೊಡ್ಡ ಪಾತ್ರ ತಂದೆಯರದು. ಜಾನ್ ಹೋಲ್ಟರ್ ಎಂಬ ಯಂತ್ರಕರ್ಮಿಯ ಮಗ 1955ರಲ್ಲಿ ಈ ವ್ಯಾಧಿಗೆ ಈಡಾಗಿ ಜನಿಸಿದನು. ಸೂಜಿಯಿಂದ ಚುಚ್ಚಿದ ರಬ್ಬರು ನಳಿಕೆಯು ಸೂಜಿಯನ್ನು ತೆಗೆದೊಡನೆ ತಾನೇ ಮುಚ್ಚಿಕೊಂಡು ಒಂದು ಹನಿಯನ್ನೂ ಸೋರಗೊಡದಿರುವುದನ್ನು ಆಸ್ಪತ್ರೆಯಲ್ಲಿ ಕಂಡ ಆ ತಂದೆ, ಸೀಳಿನ ಆ ಗುಣದಿಂದಲೇ ಒಂದು ಕವಾಟವನ್ನು ರಚಿಸಿ, ರಬ್ಬರಿಗೆ ಬದಲಾಗಿ ದೇಹವು ಸಹಿಸುವ ಸಿಲಿಕೋನನ್ನು ಬಳಸಿದನು. 1956ರಲ್ಲಿ ಅದು ಮೊದಲು ಒದಗಿದುದು ಪರರ ಮಗುವಿಗೆ; ಅವನ ಮಗ ಆಗ ಶಸ್ತ್ರಕ್ರಿಯೆಯನ್ನು ತಾಳುವ ಸ್ಥಿತಿಯಲ್ಲಿರಲಿಲ್ಲ. ಮಕ್ಕಳ ಕಥೆಗಳಿಂದ ಪ್ರಖ್ಯಾತನಾದ ರೋಆಲ್ಡ್ ಡಾಲನ ಮಗ ಥಿಯೋ, 1960ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಕಾರು ಬಡಿದು ತಲೆಗೆ ಪೆಟ್ಟುಬಿದ್ದ ಕೂಸು. ಆ ಪೆಟ್ಟಿನಿಂದ ತಲೆಯಲ್ಲಿ ನೀರು ತುಂಬಿದುದಕ್ಕೆ ಅವನಿಗೆ ಹಾಕಿದ ಷಂಟು ಮತ್ತೆ ಮತ್ತೆ ಕಟ್ಟಿಹೋಗುತ್ತಿತ್ತು. ಡಾಲನು ಆಟಿಕೆಯ ವಿಮಾನಗಳಿಗೆ ಪಂಪುಗಳನ್ನು ಮಾಡುತ್ತಿದ್ದ ಸ್ಟ್ಯಾನ್ಲಿ ವೇಡನನ್ನೂ ಶಸ್ತ್ರವೈದ್ಯ ಕೆನೆತ್ ಟಿಲ್ಲನನ್ನೂ ಕೂಡಿಕೊಂಡು, ಸುಲಭವಾಗಿ ಕಟ್ಟದ ಕವಾಟವೊಂದನ್ನು 1962ರಲ್ಲಿ ಬಳಕೆಗೆ ತಂದನು. ಅಷ್ಟರಲ್ಲಿ ಥಿಯೋಗೆ ಅದರ ಅಗತ್ಯವಿರಲಿಲ್ಲ.

ಕವಾಟವು ಕೊಳವೆಯೊಳಗಿನ ಹೆಪ್ಪನ್ನು ತಡೆಯಿತೇ ಹೊರತು ಕೊಳವೆಯ ತುದಿಯ ಹೆಪ್ಪನ್ನು ತಡೆಯಲಾರದಾಯಿತು. ಈ ಷಂಟುಗಳಲ್ಲಿ ನೀರನ್ನು ಹಾಯಿಸುತ್ತಿದ್ದುದು ಹೃದಯಕ್ಕೆ; ಕುತ್ತಿಗೆಯ ಅಭಿಧಮನಿಯ ಮೂಲಕ ಇಳಿಸಿದ ನಳಿಕೆಯ ತುದಿ ಹೃದಯದ ಬಲ ಹೃತ್ಕರ್ಣದಲ್ಲಿ ತೇಲುತ್ತಿರಬೇಕೆಂಬುದು ನಿಯಮ. ಆದರೆ ಮಗು ಬೆಳೆಯುತ್ತದೆ, ನಳಿಕೆ ಬೆಳೆಯುವುದಿಲ್ಲ. ವರ್ಷಗಳು ಕಳೆದಂತೆ ತುದಿಯು ಮೇಲ್ಮೇಲಕ್ಕೆ ಸರಿದು ಮಹಾಭಿಧಮನಿಯ ಗೋಡೆಗೆ ತಗಲುತ್ತದೆ. ಅಲ್ಲಿ ಮೊದಲು ತೆಳುವಾದ ನಾರಿನ ಪೊರೆ, ಅದರ ಮೇಲೆ ಹೆಪ್ಪು. ಹೆಪ್ಪಿನ ಕಣಗಳು ಕಳಚಿಕೊಂಡು ಶ್ವಾಸಕೋಶಗಳಿಗೆ ಹೋಗಿ ಅಲ್ಲಿಯ ಸೂಕ್ಷ್ಮನಾಳಗಳನ್ನು ಒಂದೊಂದಾಗಿ ಮುಚ್ಚುತ್ತವೆ. ಹೃದಯದ ಬಲಭಾಗವು ಆ ಪ್ರತಿರೋಧದ ವಿರುದ್ಧ ದುಡಿದು ದುಡಿದು ಸೋಲುತ್ತದೆ. ಇದು ಒಂದು ದಿನದ ಅವಘಡವಲ್ಲದೆ ವರ್ಷಗಟ್ಟಲೆ ಸದ್ದಿಲ್ಲದೆ ಸಾಗುವ ಕಾರ್ಯವಾದುದರಿಂದ, ಏದುಸಿರು ಕಾಣಿಸಿಕೊಳ್ಳುವ ಹೊತ್ತಿಗೆ ಬಹಳಷ್ಟು ಹಾನಿ ಆಗಿಹೋಗಿರುತ್ತದೆ. ಇಂಗ್ಲೆಂಡಿನ ಎಮರಿ ಮತ್ತು ಹಿಲ್ಟನ್ ಎಂಬವರು 1961ರಲ್ಲಿಯೇ ಹೃದಯ ಮತ್ತು ಶ್ವಾಸಕೋಶಗಳ ಈ ಅನರ್ಥಗಳನ್ನು ಬರೆದಿಟ್ಟರು. ಸೋಂಕು ತಗಲಿದ ನಳಿಕೆಯಿಂದ ಮೂತ್ರಪಿಂಡಗಳೂ ಕೆಡುವುದು 1965ರಲ್ಲಿ ತಿಳಿದುಬಂದಿತು.

ಕಡೆಗೆ ಶಸ್ತ್ರವೈದ್ಯರು ಹೃದಯವನ್ನು ಬಿಟ್ಟು ಉದರದ ಕಡೆಗೆ ಹೊರಳಿದರು. ಆ ದಾರಿಯೂ 1908ರಷ್ಟೇ ಹಳೆಯದಾಗಿದ್ದರೂ, ಸಿಲಿಕೋನ್ ನಳಿಕೆಯ ಆಗಮನದ ಅನಂತರ, 1960ರ ದಶಕದ ಕೊನೆಯಿಂದ, ರೂಢಿಯಾಯಿತು. ಹೊಟ್ಟೆಯ ಒಳಪೊರೆಯು ನೀರನ್ನು ಹೀರಿಕೊಳ್ಳುತ್ತದೆ; ಮಗುವಿನ ಬೆಳವಣಿಗೆಗೆಂದು ನಳಿಕೆಯನ್ನು ಉದ್ದವಾಗಿಯೇ ಅಲ್ಲಿ ಬಿಡಬಹುದು; ರಕ್ತದ ಸಂಪರ್ಕವಿಲ್ಲ. ನನ್ನ ದೃಷ್ಟಿಯಲ್ಲಿ ಯಾವ ಕವಾಟಕ್ಕಿಂತಲೂ ದೊಡ್ಡ ಉಪಕಾರವನ್ನು ಮಾಡಿದುದು ಈ ಸ್ಥಳ ಬದಲಾವಣೆ. ಹೆಪ್ಪಿನ ಭಯ ಪೂರ್ತಿ ಹೋಯಿತೆಂದಲ್ಲ: ನೀರು ಮಿತಿಮೀರಿ ಇಳಿದರೆ ಮಿದುಳು ಕುಗ್ಗಿ, ಅದರ ಹೊದಿಕೆಗೆ ಸೇರುವ ಸಣ್ಣ ರಕ್ತನಾಳಗಳು ಹರಿದು, ತಲೆಬುರುಡೆಯೊಳಗೇ ರಕ್ತವು ಶೇಖರವಾಗುವುದುಂಟು.

ಇನ್ನು ಉಳಿದುದು ವಿದೇಶೀ ಷಂಟುಗಳ ದುಬಾರಿ ಬೆಲೆಯ ಪ್ರಶ್ನೆ; ಅದನ್ನು ಬಿಡಿಸಿದವರು ನಮ್ಮವರು. ದೆಹಲಿಯಲ್ಲಿ ಉಪಾಧ್ಯಾಯ ಎಂಬ ಶಸ್ತ್ರವೈದ್ಯರೂ ಲಕ್ನೋದಲ್ಲಿ ಛಾಬ್ರಾ ಎಂಬವರೂ ದೇಶೀಯ ಷಂಟುಗಳನ್ನು ರೂಪಿಸಿದರು; ಉಗಾಂಡದ ಆಸ್ಪತ್ರೆಯೊಂದರಲ್ಲಿ ಅಗ್ಗದ ಛಾಬ್ರಾ ಷಂಟನ್ನು ದುಬಾರಿಯಾದ ವಿದೇಶೀ ಷಂಟಿನೊಡನೆ ಹೋಲಿಸಿ ನೋಡಿ 2005ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಗಣ್ಯವಾದ ವ್ಯತ್ಯಾಸವು ಕಾಣಲಿಲ್ಲ.

ಹೃದಯಕ್ಕೆ ಇಳಿಸುವ ಷಂಟು ಈಗಲೂ ಅಳಿದಿಲ್ಲ; ಉದರವು ಒಗ್ಗದವರಿಗೆ ಅದನ್ನೇ ಹಾಕುತ್ತಾರೆ, ಹಿಂದೆ ಹಾಕಿಸಿಕೊಂಡವರೂ ನಮ್ಮ ನಡುವೆ ಇದ್ದಾರೆ. ಅಂತಹವರು ತಮ್ಮ ನಳಿಕೆ ಎಲ್ಲಿ ಕೊನೆಗೊಳ್ಳುತ್ತದೆಂಬುದನ್ನು ಚೀಟಿಯಲ್ಲಿ ಬರೆಯಿಸಿಟ್ಟುಕೊಳ್ಳಬೇಕು. ಮೆಟ್ಟಿಲು ಹತ್ತುವಾಗ ಹೊಸದಾಗಿ ಏದುಸಿರು ಬಂದರೆ ಅದನ್ನು ವಯಸ್ಸಿನ ಮೇಲೆ ಹೊರಿಸದೆ, ಆ ಚೀಟಿಯೊಡನೆ ವೈದ್ಯರ ಬಳಿಗೆ ಹೋಗಬೇಕು.