ದೆಹಲಿಯ ಶುಶ್ರೂಷೆ ಮತ್ತು ರೋಗಿಯ ನಂಬಿಕೆ

ದೆಹಲಿಯ ಆಧುನಿಕ ಶುಶ್ರೂಷೆ ಪರದಾ ಪದ್ಧತಿಗೆ ಹೊಂದಿಕೊಂಡೇ ಬೆಳೆಯಿತು. ಪುರುಷ ವೈದ್ಯರಿಗೆ ತೋರಿಸಿಕೊಳ್ಳಲು ಒಪ್ಪದ ಮಹಿಳೆಯರಿಗೆಂದು ಮಿಷನರಿಗಳು 1885ರಲ್ಲಿ ಚಾಂದನಿ ಚೌಕದಲ್ಲಿ ಸೇಂಟ್ ಸ್ಟೀಫನ್ಸ್ ಆಸ್ಪತ್ರೆ ತೆರೆದರು. 1916ರಲ್ಲಿ ಆರಂಭವಾದ ಲೇಡಿ ಹಾರ್ಡಿಂಜ್ ಕಾಲೇಜು ಮಹಿಳೆಯರಿಗೇ ವೈದ್ಯಶಿಕ್ಷಣ ನೀಡಿತು. 1946ರಲ್ಲಿ ಸ್ಥಾಪನೆಯಾದ ನರ್ಸಿಂಗ್ ಕಾಲೇಜು ಶುಶ್ರೂಷೆಯನ್ನು ಪದವಿಯ ಮಟ್ಟಕ್ಕೇರಿಸಿತು. ಅದಕ್ಕೀಗ ದೇಶದ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿದೆ.

ಹಲವು ಧರ್ಮಗಳ ಜನ ಸೇರುವ ರಾಜಧಾನಿಯಲ್ಲಿ ರೋಗಿಯ ನಂಬಿಕೆಗೆ ಹೊಂದಿಕೊಳ್ಳುವ ಈ ಅರಿವು ಸಣ್ಣ ಕೆಲಸಗಳಲ್ಲೇ ಕಾಣುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಸಿಖ್ ರೋಗಿಯ ಕೂದಲು ತೆಗೆಯಬೇಕಾದರೆ ನರ್ಸ್ ಮೊದಲು ಒಪ್ಪಿಗೆ ಕೇಳಬೇಕು. ರಂಜಾನ್ ಉಪವಾಸಿಗೆ ಔಷಧದ ವೇಳೆಯನ್ನು ವೈದ್ಯರೊಡನೆ ಚರ್ಚಿಸಿ ಹೊಂದಿಸಬೇಕು. ಸಾವಿನಂಚಿನಲ್ಲಿರುವ ಹಿಂದೂ ರೋಗಿಗೆ ಮನೆಯವರು ಗಂಗಾಜಲ ಕುಡಿಸಲು ಅವಕಾಶ ಕೊಡಬೇಕು. ನಂಬಿಕೆಗೆ ಗೌರವ ಸಿಕ್ಕಾಗ ರೋಗಿಗೆ ಚಿಕಿತ್ಸೆಯ ಮೇಲೂ ವಿಶ್ವಾಸ ಮೂಡುತ್ತದೆ.