ವಿಕ್ರಾಂತದ ವೈಮಾನಿಕರು

ಪ್ರತಿ ವರ್ಷ ಡಿಸೆಂಬರ್ 4ರಂದು ನಮ್ಮ ದೇಶದಲ್ಲಿ ನೌಕಾದಿನವನ್ನು ಆಚರಿಸುತ್ತಾರೆ. 1971ರ ಆ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕಿರುನೌಕೆಗಳು ಕರಾಚಿಯ ಸಮೀಪಕ್ಕೆ ನುಗ್ಗಿ, ಕ್ಷಿಪಣಿಗಳಿಂದ ಶತ್ರುವಿನ ಹಡಗುಗಳನ್ನು ಮುಳುಗಿಸಿದುವು. ಆ ಸಾಹಸದ ಸ್ಮರಣೆಗಾಗಿಯೇ ಈ ದಿನವನ್ನು ಆರಿಸಿಕೊಂಡದ್ದು. ಆರಿಸಿಕೊಂಡದ್ದು ಸರಿಯಾಗಿಯೇ ಇದೆ. ಆದರೆ ಆ ರಾತ್ರಿಗೆ ಮುಂಚೆ ಒಂದು ಹಗಲೂ ಇತ್ತು. ಅದೇ ದಿನ ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ, ದೇಶದ ಇನ್ನೊಂದು ಮಗ್ಗುಲಿನ ಬಂಗಾಳ ಕೊಲ್ಲಿಯಲ್ಲಿ, ವಿಕ್ರಾಂತ್ ಎಂಬ ವಿಮಾನವಾಹಕ ನೌಕೆಯಿಂದ ಎಂಟು ಸೀ ಹಾಕ್ ವಿಮಾನಗಳು ಮೇಲೆದ್ದು, ಕಾಕ್ಸ್ ಬಜಾರಿನ ವಿಮಾನ ನಿಲ್ದಾಣದ ಮೇಲೆ ಎರಗಿದುವು. ರಾತ್ರಿಯ ಕೀರ್ತಿ ಬೆಳೆದು ಹಬ್ಬವಾಯಿತು. ಹಗಲಿನ ಕಥೆ ಬಲ್ಲವರ ಬಾಯಲ್ಲಿ ಮಾತ್ರ ಉಳಿಯಿತು. ಇಂದು ನಾನು ಹೇಳಬೇಕೆಂದಿರುವುದು ಆ ಹಗಲಿನ ವಿಷಯ, ಮತ್ತು ಅಂಥವರನ್ನು ನೆನೆಯುವ ಬಗೆ ಯಾವುದು ಎಂಬ ವಿಷಯ.

ಬಾಶೆಟ್ಟಿಹಳ್ಳಿಯಲ್ಲಿ ಕುಳಿತವನಿಗೆ ಕಡಲಿನ ಗೊಡವೆ ಏಕೆ ಎಂದು ಕೇಳುಗರು ಕೇಳಬಹುದು. ದೊಡ್ಡಬಳ್ಳಾಪುರಕ್ಕೆ ಅಂಟಿಕೊಂಡ ನಮ್ಮೂರಿನಿಂದ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಉಪ್ಪುನೀರು ಕಾಣಲು ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಆದರೆ ವಿಮಾನದ ಸದ್ದು ನಮಗೆ ಹೊಸದಲ್ಲ. ದಕ್ಷಿಣಕ್ಕೆ ಯಲಹಂಕ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿನ ಬಯಲು ವಿಮಾನ ನಿಲ್ದಾಣವಾಯಿತು. ಬರ್ಮಾದ ರಣರಂಗಕ್ಕೆ ಹೋಗಬೇಕಾಗಿದ್ದ ವೈಮಾನಿಕರು 1944ರಲ್ಲಿ ಮಾಸ್ಕಿಟೊ ವಿಮಾನವನ್ನು ನಡೆಸಲು ಕಲಿತದ್ದು ಅಲ್ಲಿಯೇ. 1996ರಿಂದ ಅಲ್ಲಿ ವೈಮಾನಿಕ ಪ್ರದರ್ಶನ ನಡೆಯುತ್ತ ಬಂದಿದೆ. ಪ್ರದರ್ಶನದ ದಿನಗಳಲ್ಲಿ ನಮ್ಮೂರ ಮಕ್ಕಳು ಮಾಳಿಗೆ ಹತ್ತಿ ನಿಲ್ಲುತ್ತಾರೆ. ವಿಮಾನ ಮೇಲೆದ್ದುದನ್ನೂ ಇಳಿದುದನ್ನೂ ನೋಡಿ ಬೆಳೆದ ನಮಗೆ, ಇಳಿಯುವ ನೆಲವೇ ಅಲುಗಾಡುತ್ತಿದ್ದರೆ ಏನು ಗತಿ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ನೌಕೆಯಿಂದ ಹಾರಿ ಹೋಗಿ ಬಂದರುಗಳನ್ನು ಬಡಿಯುವ ಯುದ್ಧಕಲೆ ಬಹಳ ಹಳೆಯದಲ್ಲ. 1940ರ ನವೆಂಬರ್ 11ರ ರಾತ್ರಿ ಬ್ರಿಟಿಷರ ಇಲ್ಲಸ್ಟ್ರಿಯಸ್ ನೌಕೆಯಿಂದ ಹೊರಟ 21 ಸೋರ್ಡ್‌ಫಿಶ್ ವಿಮಾನಗಳು, ಇಟಲಿಯ ಟಾರಂಟೊ ಬಂದರಿನಲ್ಲಿ ಲಂಗರು ಹಾಕಿದ್ದ ಮೂರು ಮಹಾಯುದ್ಧನೌಕೆಗಳನ್ನು ನಿಷ್ಕ್ರಿಯಗೊಳಿಸಿದುವು. ಎರಡು ರೆಕ್ಕೆಯ, ಬಟ್ಟೆ ಹೊದಿಸಿದ, ಅಂದಿಗೇ ಹಳತೆನಿಸಿದ್ದ ವಿಮಾನಗಳವು. ಮರುವರ್ಷ ಜಪಾನೀಯರು ಪರ್ಲ್ ಹಾರ್ಬರಿನಲ್ಲಿ ಇದೇ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದರು. 1942ರ ಏಪ್ರಿಲ್ 5ರಂದು ಅವರ ನೌಕಾ ವಿಮಾನಗಳು ಕೊಲಂಬೊ ಮೇಲೆ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದುವು. ಕಡಲಿನಿಂದ ಬಂದ ವಿಮಾನ ಎಂಥ ಭಯವನ್ನು ಬಿತ್ತಬಲ್ಲುದೆಂಬುದನ್ನು ನಮ್ಮ ಪೂರ್ವ ಕರಾವಳಿ ಅಂದೇ ಕಂಡಿತ್ತು. ಅದೇ ವಿಶಾಖಪಟ್ಟಣ 1971ರಲ್ಲಿ ನಮ್ಮ ಪೂರ್ವ ನೌಕಾಪಡೆಯ ಮುಖ್ಯ ನೆಲೆಯಾಗಿತ್ತು.

ವಿಕ್ರಾಂತ್ ನೌಕೆಯ ಜಾತಕ ವಿಚಿತ್ರವಾದುದು. ಮಹಾಯುದ್ಧದ ನಡುವೆ, 1943ರಲ್ಲಿ, ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ಅದರ ನಿರ್ಮಾಣ ಆರಂಭವಾಯಿತು. 1945ರಲ್ಲಿ ನೀರಿಗಿಳಿಯಿತು; ಅಷ್ಟರಲ್ಲಿ ಯುದ್ಧವೇ ಮುಗಿದುದರಿಂದ ಅರೆಬರೆಯಾಗಿ ವರ್ಷಗಟ್ಟಲೆ ನಿಂತಿತು. 1957ರಲ್ಲಿ ಭಾರತ ಅದನ್ನು ಕೊಂಡಿತು. 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ವಿಕ್ರಾಂತ್ ಎಂಬ ಹೆಸರಿನಿಂದ ನಮ್ಮ ನೌಕಾಪಡೆಗೆ ಸೇರಿತು. 1965ರ ಯುದ್ಧ ಬಂದಾಗ ಅದು ದುರಸ್ತಿಗಾಗಿ ಒಣಕಟ್ಟೆಯಲ್ಲಿತ್ತು. ಅದನ್ನು ಮುಳುಗಿಸಿದೆವೆಂದು ಎದುರಾಳಿಗಳು ಸಾರಿಕೊಂಡರು. ಹೋರಾಡಲೂ ಆಗದೆ, ಮುಳುಗಿತೆಂಬ ಸುದ್ದಿಯನ್ನೂ ಕೇಳಬೇಕಾಗಿ ಬಂದ ನಾವಿಕರ ಮನಸ್ಸು ಹೇಗಿದ್ದಿರಬೇಡ!

1971ರಲ್ಲಿ ಇನ್ನೊಂದು ಅಡ್ಡಿ ಎದುರಾಯಿತು. ನೌಕೆಯ ನಾಲ್ಕು ಬಾಯ್ಲರುಗಳಲ್ಲಿ ಒಂದು ಬಿರುಕುಬಿಟ್ಟಿತ್ತು. ವಿಮಾನವಾಹಕಕ್ಕೆ ವೇಗ ಎಂಬುದು ಅಲಂಕಾರವಲ್ಲ. ನೌಕೆ ಗಾಳಿಗೆ ಎದುರಾಗಿ ಓಡಬೇಕು. ಓಡುವ ವೇಗವೂ ಬೀಸುವ ಗಾಳಿಯೂ ಕೂಡಿದಾಗ ಮಾತ್ರ ವಿಮಾನದ ರೆಕ್ಕೆಗೆ ಮೇಲೇಳುವ ಬಲ ಬರುತ್ತದೆ. ಬಾಯ್ಲರು ಕುಂಟಿದರೆ ವಿಮಾನವೂ ಕುಂಟುತ್ತದೆ. ಚಳಿಗಾಲದ ಬಂಗಾಳ ಕೊಲ್ಲಿಯೋ, ಹಲವು ದಿನ ಗಾಳಿಯೇ ಇಲ್ಲದೆ ಮಲಗಿರುವ ಕಡಲು. ನೌಕೆಯನ್ನು ಹಿಂದೆ ಉಳಿಸುವುದೇ ಲೇಸೆಂಬ ವಾದ ಸಹಜವಾಗಿಯೇ ಇತ್ತು. ಆದರೆ ನೌಕೆಯ ಎಂಜಿನಿಯರರು ಬಿರುಕಿನ ಬಾಯ್ಲರಿಗೆ ಉಕ್ಕಿನ ಪಟ್ಟಿ ಬಿಗಿದು ಕೆಲಸಕ್ಕೆ ಹಚ್ಚಿದರು. ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರ ನಾಯಕತ್ವದಲ್ಲಿ ವಿಕ್ರಾಂತ್ ಪೂರ್ವ ಕಡಲಿಗೆ ಹೋಯಿತು; ಯುದ್ಧಕ್ಕೆ ಮುನ್ನ ಅಂಡಮಾನಿನ ದ್ವೀಪಗಳ ಮರೆಯಲ್ಲಿ ಕಾದು ನಿಂತಿತು. ಅದನ್ನು ಅರಸಿ ಬಂದ ಘಾಜಿ ಎಂಬ ಪಾಕಿಸ್ತಾನದ ಜಲಾಂತರ್ಗಾಮಿ ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ವಿಶಾಖಪಟ್ಟಣದ ಮುಂದೆ ತಾನೇ ಮುಳುಗಿತು.

ಮರುಬೆಳಿಗ್ಗೆಯ ಕಾರ್ಯವನ್ನು ಕಣ್ಣಿಗೆ ತಂದುಕೊಳ್ಳಬೇಕು. ಯಲಹಂಕದಲ್ಲಿ ವಿಮಾನಕ್ಕೆ ಓಡಲು ಉದ್ದನೆಯ ಹಾದಿಯಿದೆ. ವಿಕ್ರಾಂತದ ಒಟ್ಟು ಉದ್ದವೇ ಸುಮಾರು 700 ಅಡಿ. ಆದುದರಿಂದ ಹಬೆಯ ಒತ್ತಡದಿಂದ ನಡೆಯುವ ಯಂತ್ರವೊಂದು, ಕವಣೆ ಕಲ್ಲನ್ನೆಸೆದಂತೆ, ವಿಮಾನವನ್ನು ಮುಂದಕ್ಕೆ ಎಸೆಯುತ್ತದೆ. ಆ ಹಬೆಯೂ ಬರಬೇಕಾದುದು ಅದೇ ಬಾಯ್ಲರುಗಳಿಂದ. ಹಿಂದಿರುಗುವಾಗ, ತೇಲಾಡುವ ಅಟ್ಟಣೆಯ ಮೇಲೆ ಅಡ್ಡಲಾಗಿ ಎಳೆದು ಕಟ್ಟಿದ ಉಕ್ಕಿನ ಹಗ್ಗಕ್ಕೆ ವಿಮಾನದ ಬಾಲದ ಕೊಕ್ಕೆ ಸಿಕ್ಕಬೇಕು. ಸಿಕ್ಕದಿದ್ದರೆ ಮತ್ತೆ ಹಾರಿ, ಸುತ್ತಿ, ಮತ್ತೆ ಬರಬೇಕು. ಸೀ ಹಾಕ್ ಒಂಟಿ ಎಂಜಿನ್ನಿನ, ಒಬ್ಬನೇ ಕೂರುವ ಜೆಟ್ ವಿಮಾನ. 1947ರಲ್ಲಿ ಮೊದಲು ಹಾರಿದ ಈ ಜಾತಿಯ ವಿಮಾನವನ್ನು ತಯಾರಿಸಿದ ಬ್ರಿಟಿಷರೇ 1971ರ ವೇಳೆಗೆ ತಮ್ಮ ಪಡೆಯಿಂದ ತೆಗೆದುಬಿಟ್ಟಿದ್ದರು. ಅಂಥ ಎಂಟು ವಿಮಾನಗಳು ಆ ಬೆಳಿಗ್ಗೆ ಹೋಗಿ, ಕೆಲಸ ಮುಗಿಸಿ, ಎಂಟೂ ಮರಳಿದುವು.

ಅಂದಿನ ಮಧ್ಯಾಹ್ನವೇ ಚಿತ್ತಗಾಂಗಿನ ಸರದಿ ಬಂತು. ಮುಂದಿನ ಹತ್ತು ದಿನಗಳು ಇದೇ ದಿನಚರಿ. ಹಗಲು ಸೀ ಹಾಕ್‌ಗಳು. ಇರುಳಿನಲ್ಲಿ ಹೆಚ್ಚಾಗಿ ಮೂವರು ಕೂರುವ ಅಲಿಝೆ ವಿಮಾನಗಳು. ಜಲಾಂತರ್ಗಾಮಿಗಳನ್ನು ಹುಡುಕಲೆಂದು ಫ್ರಾನ್ಸಿನಲ್ಲಿ ರೂಪುಗೊಂಡ, ಪಂಖದಿಂದ ನಡೆಯುವ ನಿಧಾನ ಗತಿಯ ಆ ವಿಮಾನ ಇಲ್ಲಿ ಬಾಂಬು ಹೊತ್ತು ಕತ್ತಲಲ್ಲಿ ಬಂದರುಗಳ ಮೇಲೆ ಹೋಯಿತು. ಚಿತ್ತಗಾಂಗ್, ಖುಲ್ನಾ, ಮೊಂಗ್ಲಾಗಳಲ್ಲಿ ಹಡಗುಗಳಿಗೂ ಬಂದರುಗಳಿಗೂ ಪೆಟ್ಟು ಬಿದ್ದು, ಪೂರ್ವದ ಪಾಕಿಸ್ತಾನಿ ಸೈನ್ಯಕ್ಕೆ ಕಡಲಿನ ಬಾಗಿಲು ಮುಚ್ಚಿತು. ನೆಲದಿಂದ ಹಾರಿದ ಗುಂಡು ಹಲವು ವಿಮಾನಗಳಿಗೆ ತಗುಲಿತು. ಆದರೂ ವಿಕ್ರಾಂತದ ಒಂದು ವಿಮಾನವನ್ನೂ ಶತ್ರು ಉರುಳಿಸಲಾಗಲಿಲ್ಲ. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿಯಾಯಿತು. ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಅವರಿಗೂ, ಸೀ ಹಾಕ್ ದಳದ ನಾಯಕ ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತ ಅವರಿಗೂ ಮಹಾವೀರ ಚಕ್ರ ಸಂದಿತು.

ಎಲ್ಲ ವೈಮಾನಿಕರಿಗೂ ಆ ಭಾಗ್ಯವಿರಲಿಲ್ಲ. ಡಿಸೆಂಬರ್ 9ರ ರಾತ್ರಿ ಪಶ್ಚಿಮ ಕಡಲಿನಲ್ಲಿ ಖುಕ್ರಿ ಎಂಬ ನಮ್ಮ ಯುದ್ಧನೌಕೆ ಜಲಾಂತರ್ಗಾಮಿಯೊಂದರ ಪೆಟ್ಟಿಗೆ ಸಿಕ್ಕಿ, ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಅವರೊಡನೆ 18 ಅಧಿಕಾರಿಗಳನ್ನೂ 176 ನಾವಿಕರನ್ನೂ ಕಳೆದುಕೊಂಡಿತು. ಮರುದಿನ, ನೆಲದ ನೆಲೆಯಿಂದ ಹೊರಟ ಅಲಿಝೆಯೊಂದು ಕಡಲ ಮೇಲೆ ಸುತ್ತುತ್ತಿದ್ದಾಗ ಪಾಕಿಸ್ತಾನದ ಸ್ಟಾರ್‌ಫೈಟರ್ ಅದನ್ನು ಹೊಡೆದು ಕೆಡವಿತು. ಶಬ್ದವನ್ನು ಮೀರಿ ಧಾವಿಸುವ ವಿಮಾನದ ಮುಂದೆ ಪಂಖದ ಅಲಿಝೆ ಯಾವ ಲೆಕ್ಕ? ಅಶೋಕ್ ರಾಯ್, ಸಿರೋಹಿ, ವಿಜಯನ್: ಅದರಲ್ಲಿದ್ದ ಮೂವರೂ ಮರಳಲಿಲ್ಲ.

ಸ್ಮರಣೆಯೆಂಬುದು ಜಯಘೋಷವಷ್ಟೇ ಆಗಬಾರದು. ಚಿತ್ತಗಾಂಗ್ ಬಂದರು ಶತ್ರುಸೈನ್ಯದ ಕೈಯಲ್ಲಿತ್ತು, ನಿಜ. ಆದರೆ ಅದು ಬಂಗಾಳಿಗಳ ಬಂದರು, ಯಾರ ಬಿಡುಗಡೆಗಾಗಿ ಯುದ್ಧ ನಡೆಯಿತೋ ಅವರದೇ ಅನ್ನದ ಬಾಗಿಲು. ಹೊಸ ರಾಷ್ಟ್ರ ಹುಟ್ಟಿದಾಗ ಅದರ ತುಂಬ ಮುಳುಗಿದ ಹಡಗುಗಳು, ನೀರಿನಲ್ಲಿ ಹುದುಗಿಸಿದ ಸಿಡಿಗುಂಡುಗಳು. ಅವನ್ನು ತೆಗೆದು ದಾರಿ ಮಾಡಲು ಸೋವಿಯತ್ ನೌಕಾಪಡೆ 1972ರಿಂದ 1974ರವರೆಗೆ ದುಡಿಯಬೇಕಾಯಿತು. ಆ ವೈಮಾನಿಕರ ಧೈರ್ಯವನ್ನು ಕೊಂಡಾಡುವಾಗ, ಆ ಆಕಾಶದ ಕೆಳಗೆ ಬದುಕಿದ್ದವರನ್ನೂ ಮನಸ್ಸಿನಲ್ಲಿಟ್ಟುಕೊಂಡರೆ ಧೈರ್ಯದ ಬೆಲೆ ಕುಗ್ಗುವುದಿಲ್ಲ. ಅದರ ಭಾರ ನಮಗೆ ತಿಳಿಯುತ್ತದೆ.

ನೌಕೆಯ ಕಡೆಗಾಲವೂ ಯೋಚಿಸತಕ್ಕದ್ದೇ. 1997ರ ಜನವರಿ 31ರಂದು ವಿಕ್ರಾಂತ್ ಸೇವೆಯಿಂದ ನಿವೃತ್ತವಾಯಿತು. ಕೆಲವು ವರ್ಷ ಮುಂಬಯಿಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. 2014ರಲ್ಲಿ ಗುಜರಿಗೆ ಹೋಯಿತು. 2016ರಲ್ಲಿ ಬಜಾಜ್ ಕಂಪನಿಯವರು ಆ ನೌಕೆಯ ಲೋಹ ಸೇರಿದ ಮೋಟಾರ್ ಸೈಕಲ್ಲನ್ನು ಮಾರುಕಟ್ಟೆಗೆ ತಂದರು. ನಮ್ಮೂರಿನ ಕೈಗಾರಿಕಾ ಪ್ರದೇಶಕ್ಕೆ ಪಾಳಿಯ ಕೆಲಸಕ್ಕೆ ಹೋಗುವವರ ನಡುವೆ ಆ ಬೈಕನ್ನು ನಾನೂ ಕಂಡಿದ್ದೇನೆ. ಕಡಲಿನ ಉಕ್ಕು ಬಯಲುಸೀಮೆಯ ರಸ್ತೆಯಲ್ಲಿ ಓಡಾಡಿದ್ದು ಸಂತೋಷವೇ. ಆದರೆ ಲೋಹಕ್ಕೆ ಬಾಯಿಲ್ಲ. ಯಾರು ಹಾರಿದರು, ಏಕೆ ಹಾರಿದರು, ಯಾರು ಬರಲಿಲ್ಲ ಎಂಬುದನ್ನು ಅದು ಹೇಳಲಾರದು. ಹೆಸರು ಮಾತ್ರ ಉಳಿದಿದೆ. 2022ರ ಸೆಪ್ಟೆಂಬರ್ 2ರಂದು ನಮ್ಮ ದೇಶದಲ್ಲಿಯೇ ಕಟ್ಟಿದ ಹೊಸ ನೌಕೆಗೆ ವಿಕ್ರಾಂತ್ ಎಂದೇ ಹೆಸರಿಟ್ಟರು.

ಹೇಳುವ ಬಗೆಯೊಂದನ್ನು ನಮ್ಮ ಹಿರಿಯರು ಕಂಡುಕೊಂಡಿದ್ದರು. ಅದು ವೀರಗಲ್ಲು. ಕನ್ನಡ ನಾಡಿನ ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಈ ಕಲ್ಲುಗಳಲ್ಲಿ ರಾಜರ ಬಿರುದಾವಳಿಗಿಂತ ಹೆಚ್ಚಾಗಿ ಕಾಣುವುದು ಸಾಮಾನ್ಯನ ಸಾವು. ಕೆಳಗಿನ ಅಂಕಣದಲ್ಲಿ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವ ದೃಶ್ಯ, ಮೇಲೆ ದೇವಸನ್ನಿಧಿ. ಬರಹವಿದ್ದರೆ ಇಂಥವನು ಇಂಥ ಕಾಳಗದಲ್ಲಿ, ಇಂಥದಕ್ಕಾಗಿ ಮಡಿದನೆಂಬ ಎರಡು ಸಾಲು. ಬೆಂಗಳೂರೆಂಬ ಹೆಸರು ಮೊದಲು ದೊರೆಯುವುದೂ ಬೇಗೂರಿನ ಅಂಥದೊಂದು ಒಂಬತ್ತನೆಯ ಶತಮಾನದ ಕಲ್ಲಿನಲ್ಲಿ. ಕಡಲಲ್ಲಿ ಕಾದಿದವರಿಗೂ ಈ ಗೌರವ ತಪ್ಪಲಿಲ್ಲ. ಮುಂಬಯಿಯ ಬೋರಿವಲಿ ಬಳಿಯ ಏಕ್ಸರ್ ಗ್ರಾಮದ ವೀರಗಲ್ಲುಗಳಲ್ಲಿ ಹುಟ್ಟುಹಾಕುವ ಹಡಗುಗಳ ಸಾಲೇ ಇದೆ. ಗೋವೆಯ ಕದಂಬರ ಕಾಲದ ಕಲ್ಲಿನಲ್ಲಿಯೂ ನೌಕಾಯುದ್ಧ ಮೂಡಿದೆ. 2005ರಲ್ಲಿ ಕಾರವಾರದ ನೌಕಾನೆಲೆಗೆ ಕದಂಬ ಎಂದು ಹೆಸರಿಟ್ಟವರು ಈ ಸಂಬಂಧವನ್ನು ಅರಿತೇ ಇಟ್ಟಿರಬೇಕು.

ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ ಸುಮಾರು 75 ಅಡಿಯ ಏಕಶಿಲೆಯ ವೀರಗಲ್ಲು ನಿಂತಿದೆ. ಆ ಕಲ್ಲು ಹೋದದ್ದು ನಮ್ಮ ಜಿಲ್ಲೆಯ ಕೊಯಿರಾದಿಂದ. ಕಲ್ಲು ಕೊಟ್ಟ ಸೀಮೆಯವರಾದ ನಾವು ಹೆಸರುಗಳನ್ನೂ ತಿಳಿದಿರಬೇಡವೆ? ಡಿಸೆಂಬರ್ 4ರಂದು ಶಾಲೆಗಳಲ್ಲಿ ಕರಾಚಿಯ ರಾತ್ರಿಯನ್ನು ಹೇಳುವ ಅಧ್ಯಾಪಕರು ಕಾಕ್ಸ್ ಬಜಾರಿನ ಬೆಳಗನ್ನೂ ಹೇಳಲಿ. ವಿಮಾನ ನಡೆಸಿದವರೊಡನೆ ಬಿರುಕಿನ ಬಾಯ್ಲರಿನ ಮುಂದೆ ಬೆವರಿಳಿಸಿದವರನ್ನೂ, ಅಟ್ಟಣೆಯ ಮೇಲೆ ಹಗ್ಗ ಬಿಗಿದವರನ್ನೂ ನೆನೆಯಲಿ. ಆರು ದಿನಗಳ ಅನಂತರ ಇನ್ನೊಂದು ಕಡಲಿನ ಮೇಲೆ ಕಣ್ಮರೆಯಾದ ಮೂವರ ಹೆಸರನ್ನು ಮಕ್ಕಳ ಬಾಯಲ್ಲಿ ಒಮ್ಮೆ ಹೇಳಿಸಲಿ. ನೀರಿನ ಮೇಲೆ ಕಲ್ಲು ನೆಡಲಾಗದು. ಅಂಥವರ ಕಲ್ಲನ್ನು ನೆಲದವರೇ ನೆಟ್ಟುಕೊಳ್ಳಬೇಕು.