ಓದಿನಿಂದ ಒಲಿದ ನುಡಿ: ಬಳ್ಳಿಗಾವಿ ಸೀಮೆಯ ಹಳೆಯ ಪಾಠಕ್ರಮ

ಶಿಕಾರಿಪುರ ತಾಲ್ಲೂಕಿನ ಮಳವಳ್ಳಿಯ ಕಲ್ಲುಕಂಬದ ಮೇಲೆ ಎರಡು ಶಾಸನಗಳಿವೆ. ಒಂದು ಚುಟು ವಂಶದ ಸಾತಕರ್ಣಿಯದು, ಇನ್ನೊಂದು ಆರಂಭಕಾಲದ ಕದಂಬ ಅರಸನೊಬ್ಬನದು. ಎರಡೂ ಪ್ರಾಕೃತದಲ್ಲಿವೆ. ಅದೇ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಸ್ತಂಭಶಾಸನವಿದೆ; ಅದು ಸಂಸ್ಕೃತ ಕಾವ್ಯ. ಪ್ರಾಕೃತವಾಗಲಿ ಸಂಸ್ಕೃತವಾಗಲಿ ಈ ಸೀಮೆಯ ಜನರ ಮನೆಮಾತಲ್ಲ. ಹೊಲದಲ್ಲಿ, ಸಂತೆಯಲ್ಲಿ, ತೊಟ್ಟಿಲ ಬಳಿ ಕೇಳದ ನುಡಿಯಲ್ಲಿ ಪದ್ಯ ಕಟ್ಟುವಷ್ಟು ಪಳಗಿದ್ದು ಹೇಗೆ? ಗುರುಮುಖದಿಂದ, ಬಾಯಿಪಾಠದಿಂದ ಎಂಬುದು ಎಲ್ಲರ ನಾಲಗೆಯ ತುದಿಯಲ್ಲಿರುವ ಉತ್ತರ. ಅದು ಅರ್ಧ ನಿಜ. ಶಿಕಾರಿಪುರ, ಸೊರಬಗಳನ್ನೊಳಗೊಂಡ ಹಳೆಯ ಬನವಾಸಿ ನಾಡಿನ ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಉಳಿದರ್ಧವೂ ಕಾಣುತ್ತದೆ: ಉಚ್ಚಾರ ಕಿವಿಯಿಂದ ಬಂತು, ಭಾಷೆ ಬಂದದ್ದು ಓದಿನಿಂದ.

ತಾಳಗುಂದದ ಶಾಸನವೇ ಈ ಎರಡೂ ದಾರಿಗಳನ್ನು ತೋರುತ್ತದೆ. ಕದಂಬ ಮನೆತನದ ಮೂಲಪುರುಷ ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಕೇಂದ್ರಕ್ಕೆ, ಹೋದದ್ದನ್ನು ಅದು ಹೇಳುತ್ತದೆ. ಅಲ್ಲಿ ಅವನು ಬಯಸಿದ್ದು ವೇದಾಧ್ಯಯನ. ಅದು ಕೇಳಿ ಕಲಿಯುವ ವಿದ್ಯೆ, ಸಂಶಯವಿಲ್ಲ. ಆದರೆ ಆ ಕಥೆಯನ್ನು ಕಲ್ಲಿನ ಮೇಲೆ ಬರೆದ ಕವಿ ಕುಬ್ಜನ ವಿದ್ಯೆ ಬೇರೆ. ಮೂವತ್ತಕ್ಕೂ ಹೆಚ್ಚು ಪದ್ಯಗಳನ್ನು ಬಗೆಬಗೆಯ ಛಂದಸ್ಸಿನಲ್ಲಿ, ಅಲಂಕಾರ ತಪ್ಪದೆ ಅವನು ಕಟ್ಟಿದ್ದಾನೆ. ಮಂತ್ರವನ್ನು ಸ್ವರ ತಪ್ಪದೆ ಹೇಳಬಲ್ಲವನು ಅಷ್ಟರಿಂದಲೇ ಹೊಸ ವಾಕ್ಯ ಹೆಣೆಯಲಾರ. ಹೆಣೆಯಬೇಕಾದರೆ ಆ ಭಾಷೆಯ ಸಾವಿರಾರು ವಾಕ್ಯಗಳು ಅರ್ಥಸಹಿತವಾಗಿ ಮನಸ್ಸಿನೊಳಗೆ ಇಳಿದಿರಬೇಕು. ಆಡುವವರಿಲ್ಲದ ಊರಿನಲ್ಲಿ ಅಷ್ಟು ವಾಕ್ಯಗಳು ಸಿಗುವುದು ಕಾವ್ಯಗಳಲ್ಲೇ.

ಈ ಊಹೆಗೆ ಗಟ್ಟಿ ಆಧಾರ ಸಿಗುವುದು ಏಳು ಶತಮಾನಗಳ ನಂತರ, ಅದೇ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠವನ್ನು ಕಳಚುರಿ ಬಿಜ್ಜಳನ ಕಾಲದ 1162ರ ಶಾಸನ ವರ್ಣಿಸುತ್ತದೆ. ಕಾಳಾಮುಖ ಪಂಥದ ಶೈವ ಯತಿಗಳ ಈ ಮಠದಲ್ಲಿ ನಾಲ್ಕು ವೇದಗಳ ಪಾಠವಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ, ಶಬ್ದಾನುಶಾಸನ ಮೊದಲಾದ ವ್ಯಾಕರಣಗಳ ವಿವರಣೆ ನಡೆಯುತ್ತಿತ್ತು. ಬೌದ್ಧವೂ ಸೇರಿದ ದರ್ಶನಗಳು, ಪುರಾಣಗಳು, ಕಾವ್ಯ, ನಾಟಕಗಳೂ ಇದ್ದವು. ಶೈವ ಯತಿಗೆ ವೇದ, ಆಗಮ ಬೇಕು ಸರಿ. ಕಾವ್ಯ, ನಾಟಕ ಯಾಕೆ? ಅದು ರಸಾಸ್ವಾದಕ್ಕೆ, ಭಾಷೆ ಕಲಿಸಲಿಕ್ಕಲ್ಲ ಎನ್ನಬಹುದು. ಆದರೆ ಆಸ್ವಾದ ಮತ್ತು ಕಲಿಕೆ ಬೇರೆಬೇರೆಯಾಗಿ ನಡೆಯುವುದಿಲ್ಲ; ಕಥೆ ಮುಂದೇನಾಯಿತು ಎಂಬ ಆಸೆಯೇ ಓದುಗನನ್ನು ಕಷ್ಟದ ವಾಕ್ಯ ದಾಟಿಸುತ್ತದೆ. ಮಠದ ಆಚಾರ್ಯ ವಾಮಶಕ್ತಿಯನ್ನು ಹೊಗಳುವ ಶಾಸನ ವ್ಯಾಕರಣದಲ್ಲಿ ಅವನನ್ನು ಪಾಣಿನಿಗೆ, ಕಾವ್ಯದಲ್ಲಿ ಸುಬಂಧುವಿಗೆ ಹೋಲಿಸುತ್ತದೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ವಿದ್ವಾಂಸನೆಂದರೆ ವ್ಯಾಕರಣವೂ ಕಾವ್ಯವೂ ಬಂದಿರಬೇಕು ಎಂಬ ನಿರೀಕ್ಷೆಯಂತೂ ಅದರಲ್ಲಿ ಸ್ಪಷ್ಟವಾಗಿದೆ.

ಆ ವ್ಯಾಕರಣಗಳ ಪಟ್ಟಿಯೂ ಗಮನಾರ್ಹ. ಪಾಣಿನಿಯೊಬ್ಬನೇ ಸಾಲುತ್ತಿದ್ದ ಕಡೆ ಕೌಮಾರವನ್ನೂ ಏಕೆ ಇಟ್ಟುಕೊಂಡರು? ಕೌಮಾರವೆಂದರೆ ಶರ್ವವರ್ಮನ ಕಾತಂತ್ರ, ಪಾಣಿನಿಗಿಂತ ಚಿಕ್ಕದು, ಸುಲಭದ್ದು. ಸೋಮದೇವನ ಕಥಾಸರಿತ್ಸಾಗರ ಇದರ ಹುಟ್ಟನ್ನು ಹೀಗೆ ಹೇಳುತ್ತದೆ: ಸಂಸ್ಕೃತ ಬಾರದೆ ರಾಣಿಯ ಮುಂದೆ ನಾಚಿದ ಸಾತವಾಹನ ದೊರೆಗೆ ಗುಣಾಢ್ಯ ಆರು ವರ್ಷದಲ್ಲಿ ಕಲಿಸುತ್ತೇನೆಂದ, ಶರ್ವವರ್ಮ ಆರೇ ತಿಂಗಳು ಸಾಕೆಂದ. ಕಥೆ ಕಥೆಯೇ ಇರಲಿ. ಭಾಷೆ ಗೊತ್ತಿಲ್ಲದ ವಯಸ್ಕನಿಗೆ ನಿಯಮಗಳನ್ನು ಬೇಗ ದಾಟಿಸಿ ಗ್ರಂಥಗಳ ಕಡೆಗೆ ಕಳಿಸಬೇಕೆಂಬ ಯೋಚನೆ ಅಂದಿನವರಿಗಿತ್ತು ಎಂಬುದಕ್ಕೆ ಅದು ಸಾಕ್ಷಿ. ಓದಿಗೆ ಇನ್ನೊಂದು ಆಸರೆಯೂ ಕನ್ನಡ ನಾಡಿನಲ್ಲಿ ಸಿದ್ಧವಾಯಿತು. ಚಾಲುಕ್ಯರ ಆಸ್ಥಾನದ ಎರಡನೆಯ ನಾಗವರ್ಮ ಬರೆದ ಅಭಿಧಾನ ವಸ್ತುಕೋಶ ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಕೊಡುತ್ತದೆ. ಅವನೇ ಕರ್ಣಾಟಕ ಭಾಷಾಭೂಷಣದಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ಬರೆದ. ಅಂದರೆ ಗ್ರಂಥದ ಮೂಲಕ ಎರಡೂ ಕಡೆಯಿಂದ ದಾಟುವ ದಾರಿ ತೆರೆದಿತ್ತು.

ಇಷ್ಟಕ್ಕೆಲ್ಲ ಪುಸ್ತಕಗಳೆಲ್ಲಿದ್ದವು ಎಂಬ ಆಕ್ಷೇಪ ಸಹಜ. ಓಲೆಗರಿಯ ಪ್ರತಿ ಮಾಡುವುದು ತಿಂಗಳುಗಟ್ಟಲೆಯ ಕೆಲಸ. ಗ್ರಂಥ ಎಲ್ಲರ ಕೈಗೂ ಸಿಗುತ್ತಿರಲಿಲ್ಲ, ನಿಜ. ಆದರೆ ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನಕ್ಕೆ ಸೇರಿದ 1058ರ ಶಾಸನ ಗ್ರಂಥಗಳನ್ನು ನೋಡಿಕೊಳ್ಳಲೆಂದೇ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಹೆಸರಿಸುತ್ತದೆ. ಎಲ್ಲವೂ ಬಾಯಲ್ಲೇ ಇದ್ದಿದ್ದರೆ ಭಂಡಾರಿಗರಿಗೆ ಏನು ಕೆಲಸ? ಸೊರಬ ತಾಲ್ಲೂಕಿನ ಕುಬಟೂರು, ಶಾಸನಗಳ ಕುಪ್ಪಟೂರು, ಇನ್ನೊಂದು ಬಗೆಯ ಓದನ್ನು ನೆನಪಿಸುತ್ತದೆ. ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಅಲ್ಲಿ 1077ರಲ್ಲಿ ಪಾರ್ಶ್ವನಾಥನ ಚೈತ್ಯಾಲಯ ಕಟ್ಟಿಸಿದಳು. ಪದ್ಮನಂದಿ ಸಿದ್ಧಾಂತದೇವ ಅದಕ್ಕೆ ಸಂಬಂಧಿಸಿದ ಆಚಾರ್ಯ. ದಿಗಂಬರ ಜೈನರ ಸಿದ್ಧಾಂತ ಗ್ರಂಥಗಳು ಪ್ರಾಕೃತದವು. ಹನ್ನೊಂದನೆಯ ಶತಮಾನದ ಹೊತ್ತಿಗೆ ಆ ಪ್ರಾಕೃತವನ್ನು ಎಲ್ಲಿಯೂ ಯಾರೂ ಮನೆಮಾತಾಗಿ ಆಡುತ್ತಿರಲಿಲ್ಲ. ಅದು ಉಳಿದದ್ದು ಗ್ರಂಥ ಓದುವವರಿಂದ, ಅದನ್ನು ಬಿಡಿಸಿ ಹೇಳುವ ಗುರುಗಳಿಂದ. ಅಂಥ ಸಿದ್ಧಾಂತ ಗ್ರಂಥದ ವ್ಯಾಖ್ಯಾನವಾದ ಧವಲಾದ, ಮೂಡುಬಿದಿರೆಯಲ್ಲಿ ಉಳಿದುಬಂದ ಓಲೆಗರಿಗಳು ಪ್ರಾಕೃತ, ಸಂಸ್ಕೃತಗಳ ಗ್ರಂಥವನ್ನು ಹಳೆಯ ಕನ್ನಡ ಲಿಪಿಯಲ್ಲಿ ಹಿಡಿದಿಟ್ಟಿವೆ. ಓದುಗನಿಗೆ ಭಾಷೆ ಪರಕೀಯ, ಅಕ್ಷರ ಮಾತ್ರ ತನ್ನದೇ. ಹೊಸ ಭಾಷೆಯ ಮೊದಲ ಮೆಟ್ಟಿಲನ್ನು ಹೀಗೆ ತಗ್ಗಿಸಿದ್ದು ಸಣ್ಣ ಉಪಾಯವಲ್ಲ.

ಕವಿರಾಜಮಾರ್ಗದ ಮಾತು ಇದಕ್ಕೆ ವಿರುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ಕನ್ನಡ ನಾಡಿನ ಜನ ಪಟ್ಟಾಗಿ ಓದದೆಯೂ ಕಾವ್ಯದಲ್ಲಿ ನುರಿತವರೆಂದು ಒಂಬತ್ತನೆಯ ಶತಮಾನದ ಆ ಗ್ರಂಥ ಮೆಚ್ಚಿಕೊಂಡಿದೆ. ಆದರೆ ಅದು ತಾಯಿನುಡಿಯ ವಿಷಯ. ಸುತ್ತಲೂ ಆಡುವ ಭಾಷೆ ಓದದೆಯೂ ಬರುತ್ತದೆ. ಸುತ್ತ ಇಲ್ಲದ ಭಾಷೆಗೆ ಆ ಅನುಕೂಲವಿಲ್ಲ. ಆ ಗ್ರಂಥವನ್ನು ಬರೆದವನೇ ಸಂಸ್ಕೃತದ ದಂಡಿಯ ಕಾವ್ಯಾದರ್ಶವನ್ನು ಅರೆದು ಕುಡಿದವನು.

ಇನ್ನೂ ತೂಕದ ಆಕ್ಷೇಪ ಇದೇ ನೆಲದಿಂದ ಬಂದಿದೆ. ಅಲ್ಲಮನನ್ನು ಬಳ್ಳಿಗಾವಿಯವನೆಂದು, ಅಕ್ಕಮಹಾದೇವಿಯನ್ನು ಹತ್ತಿರದ ಉಡುತಡಿಯವಳೆಂದು ಪರಂಪರೆ ಹೇಳುತ್ತದೆ. ಕೋಡಿಯ ಮಠದ ಶಾಸನ ಹುಟ್ಟಿದ ಬಿಜ್ಜಳನ ಕಾಲದಲ್ಲೇ ಇವರಿಬ್ಬರೂ ಸೇರಿದ ಕಲ್ಯಾಣದ ಶರಣರು ಓದಿನ ಹೆಮ್ಮೆಯನ್ನು ಪ್ರಶ್ನಿಸಿ ತಮ್ಮ ಮಾತನ್ನು ಕನ್ನಡದಲ್ಲೇ ಹೇಳಿದರು. ಅವರ ಟೀಕೆ ನ್ಯಾಯವಾದದ್ದು; ಅಗ್ರಹಾರ, ಮಠಗಳ ಬಾಗಿಲು ಹೆಂಗಸರಿಗೆ, ದುಡಿಯುವವರಿಗೆ ಮುಚ್ಚಿತ್ತು. ಆದರೆ ಆ ಟೀಕೆ ತಟ್ಟುವುದು ಬಾಗಿಲು ಕಾಯ್ದವರನ್ನು, ಒಳಗಿನ ಪಾಠಕ್ರಮವನ್ನಲ್ಲ. ಕ್ರಮ ಫಲ ಕೊಟ್ಟಿತು, ಕೊಟ್ಟದ್ದು ಕೆಲವರಿಗೆ ಮಾತ್ರ. ಇಂದು ಅದೇ ಊರುಗಳ ಮಕ್ಕಳು ಇಂಗ್ಲಿಷ್ ಕಲಿಯುತ್ತಿದ್ದಾರೆ. ಬಹುಪಾಲು ಮನೆಗಳಲ್ಲಿ ಆ ಭಾಷೆಯನ್ನೂ ಆಡುವವರಿಲ್ಲ. ಬಳ್ಳಿಗಾವಿ, ಕುಪ್ಪಟೂರುಗಳ ಅನುಭವ ಅವರಿಗೆ ಹೇಳುವುದು ಇಷ್ಟು: ವ್ಯಾಕರಣ ಚಿಕ್ಕದಿರಲಿ, ಅರ್ಥ ಕನ್ನಡದಲ್ಲಿರಲಿ, ಬಿಡಿಸಿ ಹೇಳುವ ಮೇಷ್ಟರಿರಲಿ, ಕಥೆಪುಸ್ತಕಗಳು ಧಾರಾಳವಾಗಿರಲಿ. ಪ್ರಶ್ನೋತ್ತರ ಉರು ಹೊಡೆಸಿ ಭಾಷೆ ಕಲಿಸಿದ ಉದಾಹರಣೆ ಇಲ್ಲಿ ನೋಡಿದ ಸಾಕ್ಷ್ಯಗಳಲ್ಲಿ ಕಾಣುವುದಿಲ್ಲ. ಸರ್ಕಾರಿ ಶಾಲೆಯ ಗ್ರಂಥಾಲಯದ ಬೀರುವಿನ ಬೀಗ ತೆಗೆಯುವುದೇ ಈಗ ಆಗಬೇಕಾದ ಮೊದಲ ಕೆಲಸ.